ವೃದ್ಧರ ಶುಶ್ರೂಷೆಯೂ ವೈದ್ಯನ ಹೊಣೆಯೂ

ತುಂಗಭದ್ರೆಗೆ ಅಣೆಕಟ್ಟನ್ನು ಕಟ್ಟಿದವರ, ಕಂಪ್ಲಿಯ ಭತ್ತದ ಗದ್ದೆ ಕಬ್ಬಿನ ಹೊಲಗಳಲ್ಲಿ ಬೆವರು ಸುರಿಸಿದವರ, ಸಂಡೂರಿನ ಗಣಿಗಳಲ್ಲಿ ಅದಿರು ಹೊತ್ತವರ ಮಕ್ಕಳು ಕೂಡ ಇಂದು ಎಪ್ಪತ್ತರ ಅಂಚಿಗೆ ಬಂದು ನಿಂತಿದ್ದಾರೆ. ಮೊಮ್ಮಕ್ಕಳೋ ಬೆಂಗಳೂರು, ಹೈದರಾಬಾದುಗಳಲ್ಲಿ ಉದ್ಯೋಗಸ್ಥರು. ಹಿಂದೆ ಸೊಸೆ, ಮಗಳು, ನೆರೆಯವರು ಹಂಚಿಕೊಂಡು ನಡೆಸುತ್ತಿದ್ದ ಮುಪ್ಪಿನ ಆರೈಕೆಯು ಮೆಲ್ಲಮೆಲ್ಲನೆ ಮನೆಯ ಹೊಸಿಲನ್ನು ದಾಟಿ ವೃದ್ಧಾಶ್ರಮಗಳ, ಶುಶ್ರೂಷಾಗೃಹಗಳ ಕೈಗೆ ಬರುತ್ತಿರುವುದನ್ನು ಹೊಸಪೇಟೆಯಂತಹ ಊರಿನಲ್ಲಿಯೂ ನಾವು ಕಾಣದೆ ಇರಲಾರೆವು. ಇದನ್ನು ಮಕ್ಕಳ ಕೃತಘ್ನತೆಯೆಂದು ಹಳಿಯುವುದು ಸುಲಭ. ಆದರೆ ಹಳಿದ ಮಾತ್ರಕ್ಕೆ ಹಾಸಿಗೆ ಹಿಡಿದ ಅಜ್ಜಿಯ ಬೆನ್ನಿನ ಹುಣ್ಣು ಮಾಯುವುದಿಲ್ಲ. ಅಂಥ ಮನೆಗಳ ಒಳಗೆ ಆರೈಕೆಯು ಹೇಗೆ ನಡೆಯುತ್ತದೆ, ಅದಕ್ಕೆ ಹೊಣೆಗಾರರು ಯಾರು ಎಂಬುದೇ ನಾವು ಕೇಳತಕ್ಕ ಪ್ರಶ್ನೆ.

ಇಂಥ ಆಶ್ರಮಗಳನ್ನು ನಡೆಸುವವರಲ್ಲಿ ಧರ್ಮಬುದ್ಧಿಗೆ ಸಾಮಾನ್ಯವಾಗಿ ಕೊರತೆಯಿರುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಒಗೆದ ಹಾಸಿಗೆ, ಸಂಜೆಯ ಭಜನೆ, ಹಬ್ಬಕ್ಕೆ ಹೋಳಿಗೆ ಎಲ್ಲವೂ ಉಂಟು. ವೈದ್ಯನು ಮಾತ್ರ ಅಲ್ಲಿ ಅತಿಥಿ. ಕರೆದಾಗ ಬಂದು, ಬಿ.ಪಿ. ನೋಡಿ, ಚೀಟಿ ಬರೆದುಕೊಟ್ಟು ಹೊರಡುವನು. ರೋಗವನ್ನು ಅವನು ಕಂಡಾನು. ರೋಗಿಯ ಹಗಲಿರುಳನ್ನು ಕಾಣನು.

ಎಲ್ಲಿಯೂ ನಡೆಯಬಹುದಾದ ಒಂದು ಸಂಗತಿಯನ್ನು ತೆಗೆದುಕೊಳ್ಳೋಣ. ಎಂಬತ್ತು ವರ್ಷದ ಅಜ್ಜಿಗೆ ಕಾಲು ಬಾತಿತೆಂದು ಒಬ್ಬ ವೈದ್ಯರು ಮೂತ್ರ ಹೋಗುವ ಗುಳಿಗೆ ಬರೆದರು. ನಿದ್ರೆ ಬಾರದೆಂದು ಇನ್ನೊಬ್ಬರು ನಿದ್ದೆಯ ಗುಳಿಗೆ ಕೊಟ್ಟರು. ಸಕ್ಕರೆ ಕಾಯಿಲೆಗೆ ಮೂರನೆಯವರ ಚೀಟಿ ಬೇರೆ. ಹತ್ತಾರು ಮಂದಿಯನ್ನು ಒಬ್ಬಳೇ ನೋಡಿಕೊಳ್ಳುವ ಆಯಾ, ಅನುಕೂಲಕ್ಕೆಂದು, ಎಲ್ಲವನ್ನೂ ರಾತ್ರಿಯೂಟದ ಮೇಲೆ ನುಂಗಿಸುತ್ತಾಳೆ. ನಡುರಾತ್ರಿ ಒಂದು ಗುಳಿಗೆ ಅಜ್ಜಿಯನ್ನು ಎಬ್ಬಿಸುತ್ತದೆ, ಇನ್ನೊಂದು ಹೆಜ್ಜೆ ತಪ್ಪಿಸುತ್ತದೆ. ಬಚ್ಚಲ ಬಾಗಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ಪ್ರತಿಯೊಂದು ಚೀಟಿಯೂ ಶಾಸ್ತ್ರಸಮ್ಮತವೇ ಆದರೂ ಅವೆಲ್ಲವನ್ನೂ ಒಟ್ಟಿಗಿಟ್ಟು ನೋಡತಕ್ಕವರು ಯಾರೂ ಇರಲಿಲ್ಲ. ಹೊಣೆ ಹೊತ್ತ ವೈದ್ಯನಾಗಿದ್ದರೆ ಮೊದಲು ಆಯಾಳನ್ನು ಕರೆದು, “ಅಜ್ಜಿ ರಾತ್ರಿ ಎಷ್ಟು ಸಲ ಏಳ್ತಾರಮ್ಮ?” ಎಂದು ವಿಚಾರಿಸುತ್ತಿದ್ದನು, ಮೂತ್ರದ ಗುಳಿಗೆಯನ್ನು ಬೆಳಿಗ್ಗೆಗೆ ಬದಲಿಸಿ, ನಿದ್ದೆಯ ಗುಳಿಗೆಯನ್ನು ಕ್ರಮೇಣ ಬಿಡಿಸಿ, ಬಚ್ಚಲ ದಾರಿಗೆ ಒಂದು ದೀಪವನ್ನೂ ಗೋಡೆಗೆ ಹಿಡಿಕಂಬಿಯನ್ನೂ ಹಾಕಿಸಿಕೊಡಿರೆಂದು ಆಡಳಿತದವರ ಬಳಿ ಪಟ್ಟು ಹಿಡಿಯುತ್ತಿದ್ದನು. ಆ ಹಿಡಿಕಂಬಿಗಾಗಿ ವಾದಿಸುವುದೂ ಚಿಕಿತ್ಸೆಯೇ ಎಂದು ನಾನು ನಂಬುತ್ತೇನೆ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಹೊರಳಿಸುವುದು, ತಿಂಗಳಿಗೊಮ್ಮೆ ತೂಕ ನೋಡುವುದು, ನಲವತ್ತು ಡಿಗ್ರಿ ಮುಟ್ಟುವ ನಮ್ಮ ಬೇಸಗೆಯಲ್ಲಿ ಬಾಯಾರಿಕೆಯೇ ತಿಳಿಯದ ಮುದಿ ದೇಹಕ್ಕೆ ನೆನಪಿಟ್ಟು ನೀರು ಕುಡಿಸುವುದು, ಇವೆಲ್ಲ ಅದೇ ಹೊಣೆಗೆ ಸೇರಿದ ಕೆಲಸಗಳೇ.

ದಿನದಿನದ ಆರೈಕೆಯೂ ಚಿಕಿತ್ಸೆಯೇ ಎಂಬ ಈ ಸತ್ಯವನ್ನು ಲೋಕಕ್ಕೆ ಮೊದಲಿಗೆ ಮನಗಾಣಿಸಿದವರಲ್ಲಿ ಇಂಗ್ಲೆಂಡಿನ ವೈದ್ಯೆ ಮಾರ್ಜರಿ ವಾರೆನ್ ಅಗ್ರಗಣ್ಯರು. 1935ರಲ್ಲಿ ಅವರ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ನೆರೆಯ ಬಡವರಾಶ್ರಮದ (ವರ್ಕ್‌ಹೌಸ್) ರೋಗಿವಾಸವನ್ನು ವಶಕ್ಕೆ ತೆಗೆದುಕೊಂಡಾಗ, ಗುಣವಾಗದವರೆಂಬ ಹಣೆಪಟ್ಟಿ ಹೊತ್ತು ಅಲ್ಲಿ ಮಲಗಿದ್ದವರು ಏಳು ನೂರಕ್ಕೂ ಮಿಕ್ಕಿದ್ದರು. ವಾರೆನ್ ಒಬ್ಬೊಬ್ಬರನ್ನೇ ಪರೀಕ್ಷಿಸಿ, ಬೇರೆಬೇರೆ ಸ್ಥಿತಿಯವರನ್ನು ಬೇರ್ಪಡಿಸಿ, ಮಲಗಿಸಿದ್ದೇ ಅನೇಕರ ರೋಗವನ್ನು ಹೆಚ್ಚಿಸಿತ್ತೆಂದು ಕಂಡುಕೊಂಡರು. ಅವರನ್ನು ಎಬ್ಬಿಸಿ ಕೂರಿಸಿದರು, ನಡೆಯಿಸಿದರು, ವಾರ್ಡುಗಳ ಬೆಳಕನ್ನು ಸುಧಾರಿಸಿದರು. ಎಷ್ಟೋ ಮಂದಿ ಮರಳಿ ಮನೆಗೆ ಹೋದರು. ಹೊಸ ಔಷಧವೊಂದನ್ನೂ ಕಂಡುಹಿಡಿಯದೆ ಅವರು ಇದನ್ನು ಸಾಧಿಸಿದುದು ವಿಶೇಷ. 1940ರ ದಶಕದ ಅವರ ಲೇಖನಗಳು ಬ್ರಿಟನ್ನಿನಲ್ಲಿ ವೃದ್ಧವೈದ್ಯವು ಪ್ರತ್ಯೇಕ ಶಾಸ್ತ್ರವಾಗಿ ಬೇರೂರಲು ನೆರವಾದವು. ಮುಂದೆ ಅಮೆರಿಕವು 1974ರಲ್ಲಿ ನುರಿತ ಶುಶ್ರೂಷೆಯ ಗೃಹಗಳಿಗೆ ವೈದ್ಯಕೀಯ ನಿರ್ದೇಶಕನಿರತಕ್ಕದ್ದೆಂದು ನಿಯಮ ಮಾಡಿತು. ನೆದರ್‌ಲ್ಯಾಂಡ್ಸಿನಲ್ಲಿ ಇಂಥ ಗೃಹಗಳ ವೈದ್ಯವೃತ್ತಿಯೇ ಪ್ರತ್ಯೇಕ ತರಬೇತಿಯುಳ್ಳ ಪರಿಣತಿಯಾಯಿತು.

ನಮ್ಮ ನಾಡಿನಲ್ಲಿಯೂ ಮಾದರಿಯಿಲ್ಲದೆ ಇಲ್ಲ. ಬೆಂಗಳೂರಿನಲ್ಲಿ 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನ ಮುಂದಾಳುಗಳಲ್ಲಿ ಒಬ್ಬರಾದ ಡಾ. ರಾಧಾ ಎಸ್. ಮೂರ್ತಿಯವರು ಸ್ವತಃ ವೈದ್ಯೆ. ಮರೆವಿನ ಕಾಯಿಲೆಯವರಿಗಾಗಿ ಆ ಸಂಸ್ಥೆಯು ನಡೆಸುವ ಕೇಂದ್ರವು ವೈದ್ಯರು, ದಾದಿಯರು, ಆರೈಕೆದಾರರು ಒಂದೇ ತಂಡವಾಗಿ ದುಡಿಯುವ ಬಗೆಗೆ ಒಳ್ಳೆಯ ನಿದರ್ಶನ.

ಕಾನೂನಿನ ಬೆಂಬಲವೂ ಉಂಟು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಆದ ಕೇಂದ್ರದ ಕಾಯಿದೆಯು, ಪ್ರತಿ ಜಿಲ್ಲಾಸ್ಪತ್ರೆಯಲ್ಲಿಯೂ ವೃದ್ಧರಿಗೆ ಮೀಸಲಾದ ವ್ಯವಸ್ಥೆಯಿರಬೇಕು, ವೃದ್ಧರ ಆರೈಕೆಯಲ್ಲಿ ಅನುಭವವುಳ್ಳ ವೈದ್ಯಾಧಿಕಾರಿಯೇ ಅದರ ಮುಖ್ಯಸ್ಥನಾಗಿರಬೇಕು ಎಂದು ವಿಧಿಸುತ್ತದೆ; ನಿರ್ಗತಿಕರಾದ 150 ಮಂದಿ ವೃದ್ಧರಿಗಾದರೂ ನೆಲೆಯಾಗುವ ಆಶ್ರಮವೊಂದು ಜಿಲ್ಲೆಗೊಂದರಂತೆ ಆಗಲೆಂದೂ ಸೂಚಿಸುತ್ತದೆ. ಆದರೆ ಆಸ್ಪತ್ರೆಯ ಆ ವೈದ್ಯಾಧಿಕಾರಿಗೂ ಊರಿನ ವೃದ್ಧಾಶ್ರಮಕ್ಕೂ ನಡುವೆ ಯಾವ ಕಟ್ಟುಪಾಡನ್ನೂ ಅದು ಹೆಣೆದಿಲ್ಲ. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟುಕೊಂಡು ವಿಜಯನಗರ ಜಿಲ್ಲೆಯು ಉದಯಿಸಿತು. ಹೊಸ ಜಿಲ್ಲೆಯು ತನ್ನ ಕಚೇರಿಗಳನ್ನು ಹೊಸದಾಗಿ ಕಟ್ಟಿಕೊಳ್ಳುವ ಈ ಕಾಲದಲ್ಲಿ ಆ ಹೆಣಿಗೆಯನ್ನೂ ತಾನೇ ಹಾಕಿಕೊಳ್ಳಬಾರದೇಕೆ?

ಆಶ್ರಮಕ್ಕೊಬ್ಬ ವೈದ್ಯನನ್ನು ಹೆಸರು ಹಿಡಿದು ಹೊಣೆಗಾರನನ್ನಾಗಿ ಮಾಡುವುದು, ವಾರಕ್ಕೆ ನಿಗದಿಯಾದ ದಿನ ಆತನು ಬಂದು ದಾದಿ, ಆಯಾ, ಅಡುಗೆಯವರೊಡನೆ ಕುಳಿತು ಮಾತಾಡುವುದು, ಬಿದ್ದವರ ಲೆಕ್ಕವನ್ನು ಯಾರನ್ನೂ ಗದರದೆ ಬರೆದಿಡಿಸುವುದು ಮೊದಲ ಕೆಲಸವಾಗಲಿ. ಗದರಿಕೆಗೆ ಅಂಜಿದ ಆಯಾ ಬಿದ್ದದ್ದನ್ನು ಮುಚ್ಚಿಡುವಳು. ವಿಶ್ವಾಸ ದೊರೆತವಳು ಬೀಳುವ ಮೊದಲೇ ಬಂದು ಹೇಳುವಳು. ಬಳ್ಳಾರಿಯ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಓದುವ ತರುಣ ವೈದ್ಯರನ್ನು ಕೆಲವು ವಾರಗಳಮಟ್ಟಿಗಾದರೂ ಇಂಥ ಮನೆಗಳಿಗೆ ಕಳುಹಿಸಿ, ರಾತ್ರಿಪಾಳಿಯ ಆಯಾಳ ಜೊತೆಗೆ ಒಂದೆರಡು ಇರುಳು ಎಚ್ಚರವಿರಿಸಿದರೆ, ಅವರು ಬರೆಯುವ ಮುಂದಿನ ಚೀಟಿಗಳಲ್ಲಿ ಗುಳಿಗೆಗಳ ಸಂಖ್ಯೆ ಕಡಿಮೆಯಾದೀತೆಂದು ನನ್ನ ದೃಢವಾದ ನಂಬಿಕೆ.