ಪೊಟೋಮ್ಯಾಕ್ ದಡದ ನದಿ ಶಾಲೆ

ವಾಷಿಂಗ್ಟನ್ ಪ್ರದೇಶದ ನಮ್ಮ ಕನ್ನಡ ಸಂಘದ ಹೆಸರು ಕಾವೇರಿ. ಕಾವೇರಿ ಎಲ್ಲಿ ಹುಟ್ಟುತ್ತಾಳೆ ಎಂದು ಕೇಳಿದರೆ ನಮ್ಮ ಮಕ್ಕಳು ಥಟ್ಟನೆ ತಲಕಾವೇರಿ ಎನ್ನುತ್ತಾರೆ. ಆದರೆ ನಾವು ಮತ್ತೆ ಮತ್ತೆ ಸೇತುವೆಯ ಮೇಲೆ ದಾಟುವ ಪೊಟೋಮ್ಯಾಕ್ ನದಿಯ ಬಗ್ಗೆ ಕೇಳಿದರೆ, ಮಕ್ಕಳಿರಲಿ, ದೊಡ್ಡವರೂ ತಡವರಿಸುತ್ತೇವೆ. ಈ ನದಿಯನ್ನು ಅರಿಯಲು ನಮ್ಮ ಹತ್ತಿರದಲ್ಲೇ ಒಂದು ಒಳ್ಳೆಯ ಜಾಗವಿದೆ.

ವರ್ಜೀನಿಯಾದ ವುಡ್‌ಬ್ರಿಜ್‌ನಲ್ಲಿ, ಆಕೊಕ್ವಾನ್ ನದಿ ಪೊಟೋಮ್ಯಾಕನ್ನು ಸೇರುವ ಕಡೆ, ಬೆಲ್ಮಾಂಟ್ ಬೇ ದಡದಲ್ಲಿ ಪೊಟೋಮ್ಯಾಕ್ ಸೈನ್ಸ್ ಸೆಂಟರ್ ಇದೆ. ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಈ ಕೇಂದ್ರ 2018ರಲ್ಲಿ ಉದ್ಘಾಟನೆಯಾಯಿತು. ವಿಜ್ಞಾನಿಗಳ ಪ್ರಯೋಗಾಲಯಗಳೂ ಮಕ್ಕಳ ಕಲಿಕೆಯೂ ಒಂದೇ ಸೂರಿನಡಿ ಇರುವುದು ಇದರ ವಿಶೇಷ.

ಮಕ್ಕಳು ಏನು ಕಲಿಯುತ್ತಾರೆ?

ಸುತ್ತಮುತ್ತಲಿನ ಮಿಡ್ಲ್ ಸ್ಕೂಲ್ ಮಕ್ಕಳಿಗೆ ಈ ಕೇಂದ್ರದವರು ನೀರಿನ ಬಳಿಯೇ ಪಾಠ ಮಾಡುತ್ತಾರೆ. ನೀರು ಎಷ್ಟು ತಿಳಿಯಾಗಿದೆ ಎಂದು ನೋಡುವ ಸಾಧನ ಬಹಳ ಸರಳ. 20 ಸೆಂಟಿಮೀಟರ್ ಅಗಲದ, ಕಪ್ಪು-ಬಿಳುಪು ಬಣ್ಣದ ಸೆಕ್ಕಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಡುತ್ತಾರೆ. ತಟ್ಟೆ ಕಣ್ಣಿಗೆ ಮರೆಯಾಗುವ ಆಳವನ್ನು ಬರೆದುಕೊಳ್ಳುತ್ತಾರೆ. ನೀರಿನ ಶಾಖ, ಅದರಲ್ಲಿ ಕರಗಿರುವ ಆಮ್ಲಜನಕ, ಅಲ್ಲಿರುವ ಸಣ್ಣ ಜೀವಿಗಳು, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ.

ಒಂದು ದಿನ ಅಳೆದರೆ ಆ ದಿನದ ನೀರು ಮಾತ್ರ ತಿಳಿಯುತ್ತದೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಅಳೆದರೆ ನದಿಯ ಆರೋಗ್ಯ ತಿಳಿಯುತ್ತದೆ. ಇದಕ್ಕೆ ಉದಾಹರಣೆ ಇಲ್ಲಿಂದ ಸ್ವಲ್ಪ ಮೇಲಕ್ಕಿರುವ ಗನ್‌ಸ್ಟನ್ ಕೋವ್ ಎಂಬ ಕೊಲ್ಲಿ.

ಇಪ್ಪತ್ತು ವರ್ಷದ ತಾಳ್ಮೆ

ಈ ಕೊಲ್ಲಿಗೆ ಫೇರ್‌ಫ್ಯಾಕ್ಸ್ ಕೌಂಟಿಯ ಕೊಳಚೆ ಶುದ್ಧೀಕರಣ ಘಟಕದ ನೀರು ಬಂದು ಸೇರುತ್ತದೆ. ಕೊಳಚೆಯಲ್ಲೂ ಸೋಪಿನ ಪುಡಿಯಲ್ಲೂ ಇರುತ್ತಿದ್ದ ಫಾಸ್ಫರಸ್, ಅಂದರೆ ರಂಜಕ, ಪಾಚಿಗೆ ಗೊಬ್ಬರವಿದ್ದಂತೆ. ಪಾಚಿ ಹಬ್ಬಿದರೆ ಬಿಸಿಲು ತಳಕ್ಕೆ ಇಳಿಯುವುದಿಲ್ಲ. ನೀರೊಳಗಿನ ಗಿಡಗಳು ಸಾಯುತ್ತವೆ. ಮೀನಿನ ಮರಿಗಳಿಗೆ ಆಸರೆ ತಪ್ಪುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವೂ ಕಡಿಮೆಯಾಗುತ್ತದೆ.

1980ರ ದಶಕದ ಆರಂಭದ ಹೊತ್ತಿಗೇ ಘಟಕದಿಂದ ಬರುವ ರಂಜಕವನ್ನು ಬಹಳ ಮಟ್ಟಿಗೆ ತಗ್ಗಿಸಿದ್ದರು. ಆದರೂ 1983ರ ಬೇಸಿಗೆಯಲ್ಲಿ ಪೊಟೋಮ್ಯಾಕಿನಲ್ಲಿ ನೀಲಿ-ಹಸಿರು ಪಾಚಿ ವಿಪರೀತವಾಗಿ ಹಬ್ಬಿತು. 1984ರಿಂದ ವಿಶ್ವವಿದ್ಯಾಲಯದವರು ಕೌಂಟಿಯ ಜೊತೆಗೂಡಿ ಈ ಕೊಲ್ಲಿಯನ್ನು ಅಳೆಯತೊಡಗಿದರು. ವರ್ಷಗಳು ಕಳೆದರೂ ನೀರು ಬೇಗ ತಿಳಿಯಾಗಲಿಲ್ಲ. ತಳದ ಕೆಸರಿನಲ್ಲಿ ಕೂಡಿಟ್ಟುಕೊಂಡಿದ್ದ ಹಳೆಯ ರಂಜಕ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತಲೇ ಇತ್ತು. ಕೊನೆಗೆ 2005ರ ಸುಮಾರಿಗೆ ಬಿಸಿಲು ತಳ ಮುಟ್ಟಿ, ನೀರೊಳಗಿನ ಗಿಡಗಳು ದೊಡ್ಡ ಪ್ರಮಾಣದಲ್ಲಿ ಮರಳಿ ಬಂದವು. ಖರ್ಚು ದಂಡವಾಯಿತೆಂದು ಹತ್ತು ವರ್ಷಕ್ಕೇ ಕೈಬಿಟ್ಟಿದ್ದರೆ ಈ ಫಲವನ್ನು ಯಾರೂ ಕಾಣುತ್ತಿರಲಿಲ್ಲ.

ಬೆಂಗಳೂರಿನವರಿಗೆ ಇದನ್ನು ಕೇಳಿದಾಗ ಬೆಳ್ಳಂದೂರು ಕೆರೆ ನೆನಪಾಗದೆ ಇರದು. ಕೊಳಚೆ, ಸೋಪಿನ ನೀರು ಸೇರಿ ನೊರೆ ರಸ್ತೆಗೆ ಹಾರಿದ್ದನ್ನೂ, 2015, 2017 ಮತ್ತು 2018ರಲ್ಲಿ ಬೆಂಕಿ ಕಾಣಿಸಿಕೊಂಡದ್ದನ್ನೂ ಟಿವಿಯಲ್ಲಿ ನೋಡಿ ನಾವೆಲ್ಲ ಮರುಗಿದ್ದೇವೆ. ಕೆಟ್ಟ ನೀರು ಸರಿಹೋಗುತ್ತದೆಯೇ ಎಂದು ಮಕ್ಕಳು ಕೇಳಿದರೆ ಗನ್‌ಸ್ಟನ್ ಕೋವ್ ತೋರಿಸಿ ಹೌದು ಎನ್ನಬಹುದು. ಆದರೆ ಎಷ್ಟು ಕಾಲ ಬೇಕಾಯಿತೆಂಬುದನ್ನೂ ಜೊತೆಗೇ ಹೇಳಬೇಕು.

ನಾವೇನು ಮಾಡಬಹುದು?

ಮನೆ ಮುಂದಿನ ಹುಲ್ಲಿಗೆ ಅಗತ್ಯಕ್ಕಿಂತ ಹೆಚ್ಚು ಗೊಬ್ಬರ ಹಾಕದಿರೋಣ. ಮಳೆ ಬಂದರೆ ಅದು ಹಳ್ಳದ ಪಾಲು. ಹಿಮ ಬಿದ್ದಾಗ ಉಪ್ಪನ್ನು ಹಿತಮಿತವಾಗಿ ಎರಚೋಣ. ಕರಗಿದ ಉಪ್ಪು ಕುಡಿಯುವ ನೀರಿನ ಮೂಲಕ್ಕೂ ಸೇರಬಲ್ಲದು. ಹಬ್ಬಕ್ಕೆ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯದಿರೋಣ. ಅದು ಕೊಳವೆಯಲ್ಲಿ ಗಟ್ಟಿಯಾಗಿ ಕೊಳಚೆ ಉಕ್ಕಲು ಕಾರಣವಾಗುತ್ತದೆ. ಬಣ್ಣವಿಲ್ಲದ ಮಣ್ಣಿನ ಗಣೇಶನನ್ನು ಮನೆಯ ಬಕೆಟ್ಟಿನಲ್ಲೇ ವಿಸರ್ಜಿಸಿ, ಆ ಮಣ್ಣನ್ನು ಗಿಡದ ಬುಡಕ್ಕೆ ಹಾಕೋಣ.

ಮಕ್ಕಳೇ, ನಿಮಗೊಂದು ಕೆಲಸ. ಅಪ್ಪ ಅಮ್ಮನ ಜೊತೆ ಮನೆ ಹತ್ತಿರದ ಒಂದು ಹಳ್ಳವನ್ನು ಆರಿಸಿಕೊಳ್ಳಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ನೀರಿನ ಬಣ್ಣ, ವಾಸನೆ, ಕಂಡ ಹಕ್ಕಿ, ಮೀನು, ಕಸ ಎಲ್ಲವನ್ನೂ ತಾರೀಖು ಹಾಕಿ ಪುಸ್ತಕದಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಮುಂದಿನ ವರ್ಷ ಆ ಪುಸ್ತಕವನ್ನು ತರಗತಿಗೆ ತನ್ನಿ; ಎಲ್ಲರೂ ಕೂಡಿ ಓದೋಣ.