ಎರಡು ಗಣಕಯಂತ್ರಗಳ ನಡುವೆ ಪೆನ್ ಡ್ರೈವ್ ಮೂಲಕ ಕಡತಗಳ ಸರಿಹೊಂದಿಕೆ: ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ ಕ್ರಮಗಳು

1. ಪೀಠಿಕೆ

ಆನ್‌ಲೈನ್ ಮೂಲಕ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಅನೇಕರು ಅರ್ಜಿಯ ಕರಡು, ಸ್ವಯಂ ಘೋಷಣೆ, ಸ್ಕ್ಯಾನ್ ಮಾಡಿದ ದಾಖಲೆಗಳು ಮತ್ತು ಭಾವಚಿತ್ರಗಳನ್ನು ಮನೆಯ ಗಣಕಯಂತ್ರದಲ್ಲಿ ಸಿದ್ಧಪಡಿಸಿಕೊಂಡು, ಕಚೇರಿ, ಕಾಲೇಜು ಅಥವಾ ಸೈಬರ್ ಕೇಂದ್ರದ ಗಣಕಯಂತ್ರದಿಂದ ಸಲ್ಲಿಸುತ್ತಾರೆ. ಎರಡೂ ಕಡೆಗಳಲ್ಲಿ ತಿದ್ದುಪಡಿಗಳು ನಡೆಯುವುದರಿಂದ ಪೆನ್ ಡ್ರೈವ್ ಮೂಲಕ ಕಡತಗಳನ್ನು ಆಗಾಗ್ಗೆ ಸರಿಹೊಂದಿಸಿಕೊಳ್ಳಬೇಕಾಗುತ್ತದೆ. ಈ ಕಾರ್ಯದಲ್ಲಿ ಲೋಪವಾದಲ್ಲಿ ತಿದ್ದಿದ ಕಡತದ ಬದಲಿಗೆ ಹಳೆಯ ಕಡತ ಅರ್ಜಿಯೊಂದಿಗೆ ಸೇರಿಹೋಗುತ್ತದೆ. ಸರ್ವೆ ಸಂಖ್ಯೆಯಲ್ಲಿನ ಒಂದು ಅಂಕಿ ಅಥವಾ ತಂದೆಯ ಹೆಸರಿನಲ್ಲಿನ ಒಂದು ಅಕ್ಷರ ತಪ್ಪಿದ್ದರೂ ಅರ್ಜಿ ಹಿಂದಿರುಗಬಹುದಾದ್ದರಿಂದ, ಈ ವಿಷಯದಲ್ಲಿ ಎಚ್ಚರಿಕೆ ವಹಿಸುವುದು ಅವಶ್ಯಕವಾಗಿದೆ. ಸಾಮಾನ್ಯವಾಗಿ ಎದುರಾಗುವ ತೊಂದರೆಗಳು, ಅವುಗಳ ಕಾರಣಗಳು ಮತ್ತು ಪರಿಹಾರ ಕ್ರಮಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ನೀಡಲಾಗಿದೆ.

2. ಸರಿಹೊಂದಿಕೆ ಎಂದರೇನು?

ಎರಡು ಸ್ಥಳಗಳಲ್ಲಿರುವ ಒಂದೇ ಫೋಲ್ಡರ್‌ನ ಕಡತಗಳನ್ನು ಪರಸ್ಪರ ಹೋಲಿಸಿ, ಎರಡನ್ನೂ ಏಕರೂಪಕ್ಕೆ ತರುವುದನ್ನು ಸರಿಹೊಂದಿಕೆ ಎನ್ನುತ್ತಾರೆ. ಬಳಕೆಯಲ್ಲಿ ಇದಕ್ಕೆ ಸಿಂಕ್ ಎಂಬ ಹೆಸರಿದೆ. ಪೆನ್ ಡ್ರೈವ್ ಮೂಲಕ ನಡೆಯುವ ಸಿಂಕ್‌ನಲ್ಲಿ ಪ್ರತಿಯೊಂದು ಕಡತಕ್ಕೂ ಮೂರು ಪ್ರತಿಗಳಿರುತ್ತವೆ: ಮೊದಲನೆಯ ಗಣಕಯಂತ್ರದಲ್ಲಿ ಒಂದು, ಪೆನ್ ಡ್ರೈವ್‌ನಲ್ಲಿ ಒಂದು ಹಾಗೂ ಎರಡನೆಯ ಗಣಕಯಂತ್ರದಲ್ಲಿ ಒಂದು.

ವಿಂಡೋಸ್ 95ರೊಂದಿಗೆ 1995ರಲ್ಲಿ ಬಂದ ಬ್ರೀಫ್‌ಕೇಸ್ ಎಂಬ ಸೌಲಭ್ಯವು ಈ ಉದ್ದೇಶಕ್ಕಾಗಿಯೇ ಇತ್ತು. ಇಂದಿನ ವಿಂಡೋಸ್ ಆವೃತ್ತಿಗಳಲ್ಲಿ ಅದು ಲಭ್ಯವಿಲ್ಲ. ಪ್ರಸ್ತುತ ಫ್ರೀಫೈಲ್‌ಸಿಂಕ್, ಯೂನಿಸನ್, ಆರ್‌ಸಿಂಕ್ ಹಾಗೂ ವಿಂಡೋಸ್‌ನೊಂದಿಗೇ ಬರುವ ರೋಬೋಕಾಪಿ ಮುಂತಾದ ತಂತ್ರಾಂಶಗಳು ಬಳಕೆಯಲ್ಲಿವೆ.

ಇಂತಹ ತಂತ್ರಾಂಶಗಳು ಸಾಮಾನ್ಯವಾಗಿ ಕಡತದೊಳಗಿನ ಬರಹವನ್ನು ಓದಿ ನಿರ್ಧರಿಸುವುದಿಲ್ಲ. ಕಡತದ ಹೆಸರು, ಗಾತ್ರ ಮತ್ತು ಕೊನೆಯದಾಗಿ ಮಾರ್ಪಡಿಸಿದ ದಿನಾಂಕ ಹಾಗೂ ಸಮಯ, ಈ ಮೂರನ್ನು ಮಾತ್ರ ಹೋಲಿಸುತ್ತವೆ. ಸಮಯ ತಪ್ಪಾಗಿ ದಾಖಲಾಗಿದ್ದರೆ ತಂತ್ರಾಂಶದ ನಿರ್ಧಾರವೂ ತಪ್ಪಾಗುತ್ತದೆ. ಈ ಅಂಶವನ್ನು ಅರ್ಜಿದಾರರು ಮುಖ್ಯವಾಗಿ ಗಮನದಲ್ಲಿಡತಕ್ಕದ್ದು.

3. ತೊಂದರೆ ಕಂಡುಬಂದ ಕೂಡಲೇ ಕೈಗೊಳ್ಳಬೇಕಾದ ಕ್ರಮ

(ಅ) ಸಿಂಕ್ ಕಾರ್ಯವನ್ನು ನಿಲ್ಲಿಸಬೇಕು. ಸರಿಹೋಗಬಹುದೆಂಬ ನಿರೀಕ್ಷೆಯಿಂದ ಮತ್ತೊಮ್ಮೆ ನಡೆಸಬಾರದು. ಉಳಿದಿರುವ ಒಂದು ಸರಿಯಾದ ಪ್ರತಿಯೂ ಇದರಿಂದ ನಾಶವಾಗುವ ಸಂಭವವಿದೆ.

(ಆ) ಎರಡೂ ಗಣಕಯಂತ್ರಗಳಲ್ಲಿರುವ ಹಾಗೂ ಪೆನ್ ಡ್ರೈವ್‌ನಲ್ಲಿರುವ ಫೋಲ್ಡರ್‌ಗಳನ್ನು ಪ್ರತ್ಯೇಕ ಹೆಸರುಗಳಲ್ಲಿ ಬೇರೆಡೆ ನಕಲು ಮಾಡಿಟ್ಟುಕೊಳ್ಳಬೇಕು. ಉದಾಹರಣೆಗೆ: ‘ಮನೆ ಪ್ರತಿ’, ‘ಕಚೇರಿ ಪ್ರತಿ’, ‘ಡ್ರೈವ್ ಪ್ರತಿ’.

(ಇ) ಮೂರೂ ಪ್ರತಿಗಳನ್ನು ತೆರೆದು ಓದಿ, ಯಾವುದು ಸರಿಯಾದದ್ದು ಎಂಬುದನ್ನು ನಿರ್ಧರಿಸಬೇಕು. ದಿನಾಂಕವನ್ನು ಮಾತ್ರ ನೋಡಿ ನಿರ್ಧರಿಸುವುದು ಸೂಕ್ತವಲ್ಲ.

(ಈ) ಕಾರಣ ತಿಳಿದು ಸರಿಪಡಿಸಿದ ನಂತರವೇ ಸಿಂಕ್ ಕಾರ್ಯವನ್ನು ಪುನಃ ಆರಂಭಿಸಬೇಕು.

ಪೆನ್ ಡ್ರೈವ್‌ನಿಂದ ಅಳಿಸಿದ ಕಡತಗಳು ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಅವಶ್ಯಕ ಕಡತ ಡ್ರೈವ್‌ನಿಂದ ಅಳಿಸಿಹೋಗಿ ಬೇರೆಲ್ಲೂ ಅದರ ಪ್ರತಿ ಇಲ್ಲದಿದ್ದಲ್ಲಿ, ಆ ಡ್ರೈವ್‌ಗೆ ಹೊಸದಾಗಿ ಏನನ್ನೂ ಬರೆಯದೆ ತಿಳಿದವರ ನೆರವಿನಿಂದ ಮರುಪಡೆಯಲು ಪ್ರಯತ್ನಿಸಬಹುದು. ಹೊಸ ಕಡತಗಳನ್ನು ಹಾಕಿದಷ್ಟೂ ಮರುಪಡೆಯುವ ಅವಕಾಶ ಕಡಿಮೆಯಾಗುತ್ತದೆ.

4. ತೊಂದರೆಗಳು, ಕಾರಣಗಳು ಮತ್ತು ಪರಿಹಾರ

4.1 ತಿದ್ದಿದ ಕಡತದ ಮೇಲೆ ಹಳೆಯ ಕಡತ ಕುಳಿತಿರುವುದು

ಇದಕ್ಕೆ ಪ್ರಮುಖ ಕಾರಣ ಎರಡು ಗಣಕಯಂತ್ರಗಳ ಗಡಿಯಾರಗಳಲ್ಲಿನ ವ್ಯತ್ಯಾಸ. ಹಳೆಯ ಗಣಕಯಂತ್ರಗಳಲ್ಲಿ ಮದರ್‌ಬೋರ್ಡ್‌ನ ನಾಣ್ಯದಾಕಾರದ ಬ್ಯಾಟರಿ ದುರ್ಬಲವಾದಾಗ, ವಿದ್ಯುತ್ ಸಂಪರ್ಕ ಕಡಿದು ಪುನಃ ಆರಂಭಿಸಿದೊಡನೆ ದಿನಾಂಕವು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಅಂತಹ ಗಣಕಯಂತ್ರದಲ್ಲಿ ಇಂದು ತಿದ್ದಿದ ಕಡತಕ್ಕೂ ಹಳೆಯ ವರ್ಷವೇ ದಾಖಲಾಗುತ್ತದೆ. ಆಗ ತಂತ್ರಾಂಶವು ತಿದ್ದದ ಪ್ರತಿಯನ್ನೇ ಹೊಸದೆಂದು ಭಾವಿಸಿ, ತಿದ್ದಿದ ಪ್ರತಿಯ ಮೇಲೆ ಬರೆಯುತ್ತದೆ.

ಕಾಲವಲಯ ತಪ್ಪಾಗಿರುವುದು ಮತ್ತೊಂದು ಕಾರಣ. ಅನೇಕ ಪೆನ್ ಡ್ರೈವ್‌ಗಳು ಫ್ಯಾಟ್32 ಎಂಬ ಕಡತ ವ್ಯವಸ್ಥೆಯಲ್ಲಿರುತ್ತವೆ. ಅದು ಆಯಾ ಗಣಕಯಂತ್ರದ ಸ್ಥಳೀಯ ಸಮಯವನ್ನು ಮಾತ್ರ ದಾಖಲಿಸುತ್ತದೆ. ಯಾವ ಕಾಲವಲಯದ ಸಮಯ ಎಂಬುದನ್ನು ದಾಖಲಿಸುವುದಿಲ್ಲ. ಉದಾಹರಣೆಗೆ, ಮನೆಯ ಗಣಕಯಂತ್ರವು ಭಾರತೀಯ ಕಾಲಮಾನದಲ್ಲಿದ್ದು, ಎರಡನೆಯ ಗಣಕಯಂತ್ರವು ಅಮೆರಿಕದ ಪೆಸಿಫಿಕ್ ಕಾಲವಲಯದಲ್ಲಿ ಉಳಿದಿದೆ ಎಂದಿಟ್ಟುಕೊಳ್ಳಬಹುದು. ಜನವರಿ ತಿಂಗಳ ಒಂದು ದಿನ ಬೆಳಿಗ್ಗೆ 10 ಗಂಟೆಗೆ ಮನೆಯಲ್ಲಿ ಉಳಿಸಿದ ಕಡತವನ್ನು ಅಲ್ಲಿ ಬೆಳಿಗ್ಗೆ 11 ಗಂಟೆಗೆ ತಿದ್ದಿದರೆ, ಪೆನ್ ಡ್ರೈವ್‌ನಲ್ಲಿ ಹಿಂದಿನ ದಿನ ರಾತ್ರಿ 9.30 ಎಂದು ದಾಖಲಾಗುತ್ತದೆ. ತಿದ್ದಿದ ಪ್ರತಿಯು ಮೂಲ ಪ್ರತಿಗಿಂತ ಹಳೆಯದಾಗಿ ಕಾಣುತ್ತದೆ.

ಪರಿಹಾರ: ಕೆಲಸ ಆರಂಭಿಸುವ ಮುನ್ನ ಎರಡೂ ಗಣಕಯಂತ್ರಗಳಲ್ಲಿ ದಿನಾಂಕ, ವರ್ಷ, ಸಮಯ ಮತ್ತು ಕಾಲವಲಯವನ್ನು ಪರಿಶೀಲಿಸಬೇಕು. ಕಾಲವಲಯವು ಭಾರತಕ್ಕೆ ಅನ್ವಯಿಸುವ ಯುಟಿಸಿ +5.30 ಆಗಿರಬೇಕು. ದಿನಾಂಕ ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದಲ್ಲಿ ಬ್ಯಾಟರಿಯನ್ನು ಬದಲಾಯಿಸಬೇಕು.

4.2 ಬದಲಾಗದ ಕಡತಗಳೂ ಪ್ರತಿ ಬಾರಿ ಬದಲಾದಂತೆ ತೋರುವುದು

ವಿಂಡೋಸ್ ಗಣಕಯಂತ್ರಗಳ ಹಾರ್ಡ್ ಡಿಸ್ಕ್‌ನಲ್ಲಿ ಬಳಕೆಯಲ್ಲಿರುವ ಎನ್‌ಟಿಎಫ್‌ಎಸ್ ವ್ಯವಸ್ಥೆಯು ಸಮಯವನ್ನು ಸೆಕೆಂಡಿನ ಅತಿ ಸಣ್ಣ ಭಾಗದವರೆಗೂ ದಾಖಲಿಸುತ್ತದೆ. ಫ್ಯಾಟ್32 ವ್ಯವಸ್ಥೆಯು 2 ಸೆಕೆಂಡುಗಳ ಅಂತರದಲ್ಲಿ ಮಾತ್ರ ದಾಖಲಿಸುತ್ತದೆ. ಆದ್ದರಿಂದ ಬೆಸಸಂಖ್ಯೆಯ ಸೆಕೆಂಡಿನಲ್ಲಿ ಉಳಿಸಿದ ಕಡತವು ಪೆನ್ ಡ್ರೈವ್‌ನಲ್ಲಿ ಸಮಸಂಖ್ಯೆಯ ಸೆಕೆಂಡನ್ನು ಪಡೆಯುತ್ತದೆ ಮತ್ತು ಎರಡು ಪ್ರತಿಗಳು ಭಿನ್ನವಾಗಿವೆಯೆಂದು ತಂತ್ರಾಂಶ ತಿಳಿಯುತ್ತದೆ.

ಪರಿಹಾರ: ತಂತ್ರಾಂಶದ ಆಯ್ಕೆಗಳಲ್ಲಿ 2 ಸೆಕೆಂಡುಗಳವರೆಗಿನ ವ್ಯತ್ಯಾಸವನ್ನು ಲೆಕ್ಕಿಸದಂತೆ ಸೂಚಿಸಬೇಕು. ಮೇಲೆ ಹೆಸರಿಸಿದ ರೋಬೋಕಾಪಿ, ಆರ್‌ಸಿಂಕ್ ಮತ್ತು ಫ್ರೀಫೈಲ್‌ಸಿಂಕ್ ತಂತ್ರಾಂಶಗಳಲ್ಲಿ ಇದಕ್ಕೆ ಅವಕಾಶವಿದೆ.

4.3 ಅಳಿಸಿದ ಕಡತ ಮರಳಿ ಬರುವುದು ಅಥವಾ ಬೇಕಾದ ಕಡತ ಅಳಿಸಿಹೋಗುವುದು

ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ ಕಡತವು ಹೊಸದಾಗಿ ಸೇರಿದ್ದೋ ಅಥವಾ ಇನ್ನೊಂದು ಕಡೆ ಅಳಿಸಿದ್ದೋ ಎಂಬುದನ್ನು ತಿಳಿಯಲು ಹಿಂದಿನ ಸಿಂಕ್‌ನ ದಾಖಲೆ ಅವಶ್ಯಕ. ಫ್ರೀಫೈಲ್‌ಸಿಂಕ್‌ನ ಎರಡು ದಿಕ್ಕಿನ ವಿಧಾನ ಮತ್ತು ಯೂನಿಸನ್ ಇಂತಹ ದಾಖಲೆಯನ್ನು ಇಟ್ಟುಕೊಳ್ಳುತ್ತವೆ. ಆರ್‌ಸಿಂಕ್ ಮತ್ತು ರೋಬೋಕಾಪಿ ಇಟ್ಟುಕೊಳ್ಳುವುದಿಲ್ಲ. ಅವು ಒಂದು ದಿಕ್ಕಿನ ನಕಲಿಗೆ ಸೂಕ್ತವಾದವು. ಪ್ರತಿಬಿಂಬ ಅಥವಾ ಮಿರರ್ ಎಂಬ ವಿಧಾನವನ್ನು ಆಯ್ಕೆ ಮಾಡಿದಲ್ಲಿ, ಮೂಲದಲ್ಲಿ ಇಲ್ಲದ ಎಲ್ಲ ಕಡತಗಳನ್ನೂ ಗುರಿಯ ಫೋಲ್ಡರ್‌ನಿಂದ ಅಳಿಸಲಾಗುತ್ತದೆ. ಮೂಲ ಮತ್ತು ಗುರಿ ಅದಲುಬದಲಾದರೆ ದಿನವಿಡೀ ಮಾಡಿದ ಕೆಲಸ ನಷ್ಟವಾಗುತ್ತದೆ.

ಪರಿಹಾರ: ಎರಡೂ ಕಡೆ ತಿದ್ದುವ ಫೋಲ್ಡರ್‌ಗೆ ಪ್ರತಿಬಿಂಬ ವಿಧಾನವನ್ನು ಬಳಸಬಾರದು. ಕಾರ್ಯಗತಗೊಳಿಸುವ ಮುನ್ನ ತಂತ್ರಾಂಶ ತೋರಿಸುವ ಪಟ್ಟಿಯಲ್ಲಿ ಅಳಿಸಲಾಗುವ ಹಾಗೂ ಮೇಲೆ ಬರೆಯಲಾಗುವ ಕಡತಗಳನ್ನು ಓದಿ ನೋಡಬೇಕು.

4.4 ಕೆಲವು ಕಡತಗಳು ಮಾತ್ರ ನಕಲಾಗದಿರುವುದು

(ಅ) ಗಾತ್ರ: ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಕಡತದ ಗರಿಷ್ಠ ಗಾತ್ರ 4,29,49,67,295 ಬೈಟ್, ಅಂದರೆ 4 ಜಿಬಿಗಿಂತ ಒಂದು ಬೈಟ್ ಕಡಿಮೆ. ಡ್ರೈವ್‌ನಲ್ಲಿ ಸ್ಥಳವಿದ್ದರೂ ಇದಕ್ಕಿಂತ ದೊಡ್ಡ ವಿಡಿಯೋ ಅಥವಾ ಜಿಪ್ ಕಡತ ನಕಲಾಗುವುದಿಲ್ಲ. ಡ್ರೈವ್ ಅನ್ನು ಎಕ್ಸ್‌ಫ್ಯಾಟ್ ವ್ಯವಸ್ಥೆಗೆ ಬದಲಾಯಿಸಿದರೆ ಈ ಮಿತಿ ನಿವಾರಣೆಯಾಗುತ್ತದೆ. ಫಾರ್ಮ್ಯಾಟ್ ಮಾಡಿದಾಗ ಡ್ರೈವ್‌ನಲ್ಲಿರುವ ಎಲ್ಲವೂ ಅಳಿಸಿಹೋಗುವುದರಿಂದ ಮೊದಲು ಕಡತಗಳನ್ನು ಬೇರೆಡೆ ನಕಲು ಮಾಡಿಕೊಳ್ಳತಕ್ಕದ್ದು.

(ಆ) ಹೆಸರು: ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ, ಕೋಲನ್, ಓರೆಗೆರೆ ಮುಂತಾದ ಚಿಹ್ನೆಗಳನ್ನು ಕಡತದ ಹೆಸರಿನಲ್ಲಿ ವಿಂಡೋಸ್ ಅನುಮತಿಸುವುದಿಲ್ಲ. ಲಿನಕ್ಸ್ ಗಣಕಯಂತ್ರದಲ್ಲಿ ಇಂತಹ ಹೆಸರುಗಳನ್ನು ನೀಡಿದ್ದರೆ ಅವುಗಳನ್ನು ಬದಲಾಯಿಸಬೇಕು.

(ಇ) ಹೆಸರಿನ ಉದ್ದ: ವಿಂಡೋಸ್‌ನ ಅನೇಕ ತಂತ್ರಾಂಶಗಳಲ್ಲಿ ಫೋಲ್ಡರ್‌ಗಳ ಹೆಸರೂ ಸೇರಿ ಕಡತದ ಪೂರ್ಣ ವಿಳಾಸವು ಸುಮಾರು 260 ಸಂಕೇತಗಳನ್ನು ಮೀರುವಂತಿಲ್ಲ. ಕನ್ನಡದಲ್ಲಿ ಒತ್ತಕ್ಷರ ಮತ್ತು ಸ್ವರಚಿಹ್ನೆಗಳು ಪ್ರತ್ಯೇಕವಾಗಿ ಎಣಿಕೆಯಾಗುತ್ತವೆ. ನೋಡಲು ಎರಡೇ ಅಕ್ಷರಗಳಿರುವ ‘ಕ್ಷೇತ್ರ’ ಎಂಬ ಪದ 7 ಸಂಕೇತಗಳನ್ನು ತೆಗೆದುಕೊಳ್ಳುತ್ತದೆ. ಆದ್ದರಿಂದ ಕಡತಗಳಿಗೆ ಚಿಕ್ಕ ಹೆಸರುಗಳನ್ನು ನೀಡುವುದು ಉತ್ತಮ.

(ಈ) ತೆರೆದಿರುವ ಕಡತ: ವರ್ಡ್ ಅಥವಾ ಎಕ್ಸೆಲ್‌ನಲ್ಲಿ ತೆರೆದಿರುವ ಕಡತ ನಕಲಾಗದೆ ಉಳಿಯಬಹುದು, ಅಥವಾ ಕೊನೆಯ ಬಾರಿ ಉಳಿಸಿದ ರೂಪದಲ್ಲಿ ಮಾತ್ರ ನಕಲಾಗಬಹುದು. ಸಿಂಕ್‌ಗೆ ಮುನ್ನ ಎಲ್ಲ ಕಡತಗಳನ್ನು ಉಳಿಸಿ ಮುಚ್ಚಬೇಕು.

4.5 ಪೆನ್ ಡ್ರೈವ್ ಸಿಗುತ್ತಿಲ್ಲವೆಂದು ತಂತ್ರಾಂಶ ತಿಳಿಸುವುದು

ಒಂದು ಗಣಕಯಂತ್ರದಲ್ಲಿ ‘ಇ’ ಎಂಬ ಡ್ರೈವ್ ಅಕ್ಷರ ಪಡೆದ ಪೆನ್ ಡ್ರೈವ್ ಇನ್ನೊಂದರಲ್ಲಿ ‘ಎಫ್’ ಆಗಬಹುದು. ತಂತ್ರಾಂಶವು ಹಳೆಯ ಅಕ್ಷರವನ್ನೇ ಹುಡುಕುವುದರಿಂದ ತೊಂದರೆ ಉಂಟಾಗುತ್ತದೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಮೂಲಕ ಎರಡೂ ಕಡೆ ಒಂದೇ ಅಕ್ಷರ ನಿಗದಿಪಡಿಸಬಹುದು. ಫ್ರೀಫೈಲ್‌ಸಿಂಕ್‌ನಲ್ಲಿ ಅಕ್ಷರದ ಬದಲಿಗೆ ಡ್ರೈವ್‌ನ ಹೆಸರನ್ನು ನಮೂದಿಸುವ ಅವಕಾಶವೂ ಇದೆ.

4.6 ಕಡತ ನಕಲಾದರೂ ತೆರೆಯದಿರುವುದು

ಬರೆಯುವ ಕಾರ್ಯ ಮುಗಿಯುವ ಮುನ್ನವೇ ಡ್ರೈವ್ ಅನ್ನು ಹೊರತೆಗೆದರೆ ಕಡತ ಅಪೂರ್ಣವಾಗುತ್ತದೆ. 2018ರಲ್ಲಿ ಬಂದ ವಿಂಡೋಸ್ 10ರ 1809ನೇ ಆವೃತ್ತಿಯಿಂದ ಶೀಘ್ರವಾಗಿ ಹೊರತೆಗೆಯುವ ನೀತಿ ಪೂರ್ವನಿಗದಿಯಾಗಿದ್ದರೂ, ನಕಲು ನಡೆಯುತ್ತಿರುವಾಗ ತೆಗೆಯುವುದು ಅಪಾಯಕರ. ಹಳೆಯ ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಸುರಕ್ಷಿತವಾಗಿ ಹೊರತೆಗೆಯುವ ಆಯ್ಕೆಯನ್ನು ತಪ್ಪದೆ ಬಳಸಬೇಕು.

ಮಾರುಕಟ್ಟೆಯಲ್ಲಿ ವಾಸ್ತವಕ್ಕಿಂತ ಹೆಚ್ಚಿನ ಸಾಮರ್ಥ್ಯವನ್ನು ತೋರಿಸುವ ನಕಲಿ ಡ್ರೈವ್‌ಗಳೂ ಇವೆ. ನಿಜವಾದ ಸಾಮರ್ಥ್ಯ ಮೀರಿದ ನಂತರ ಕಡತಗಳ ಹೆಸರು ಕಾಣಿಸಿದರೂ ಒಳಗಿನ ಮಾಹಿತಿ ಇರುವುದಿಲ್ಲ. ಹೊಸ ಡ್ರೈವ್ ಖರೀದಿಸಿದಾಗ ಎಚ್‌2ಟೆಸ್ಟ್‌ಡಬ್ಲ್ಯೂ ಮುಂತಾದ ತಂತ್ರಾಂಶದಿಂದ ಪರೀಕ್ಷಿಸಿಕೊಳ್ಳಬಹುದು.

4.7 ಫೋಲ್ಡರ್‌ಗಳ ಬದಲಿಗೆ ಶಾರ್ಟ್‌ಕಟ್‌ಗಳು ಕಾಣಿಸುವುದು

ಇದು ವೈರಸ್‌ನ ಲಕ್ಷಣವಾಗಿದೆ. ಕೆಲವು ವೈರಸ್‌ಗಳು ನಿಜವಾದ ಫೋಲ್ಡರ್‌ಗಳನ್ನು ಮರೆಮಾಚಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಇಡುತ್ತವೆ. ಅವುಗಳನ್ನು ಒತ್ತಿದಾಗ ವೈರಸ್ ಗಣಕಯಂತ್ರಕ್ಕೆ ಹರಡುತ್ತದೆ. ಶಾರ್ಟ್‌ಕಟ್‌ಗಳನ್ನು ಒತ್ತದೆ, ಆ ಡ್ರೈವ್‌ನೊಂದಿಗೆ ಸಿಂಕ್ ಮಾಡದೆ, ಮೊದಲು ವೈರಸ್ ನಿರೋಧಕ ತಂತ್ರಾಂಶದಿಂದ ಶುದ್ಧಗೊಳಿಸಬೇಕು. ಕಡತಗಳು ಬಹುತೇಕ ಸಂದರ್ಭಗಳಲ್ಲಿ ಅಡಗಿದ ಸ್ಥಿತಿಯಲ್ಲಿ ಇದ್ದೇ ಇರುವುದರಿಂದ, ಗಾಬರಿಗೊಂಡು ಡ್ರೈವ್ ಅನ್ನು ಫಾರ್ಮ್ಯಾಟ್ ಮಾಡಬಾರದು.

4.8 ಕನ್ನಡ ಬರಹ ಅರ್ಥವಾಗದ ಚಿಹ್ನೆಗಳಾಗಿ ಕಾಣುವುದು

ಇದು ಸಿಂಕ್‌ನ ದೋಷವಲ್ಲ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಕಡತವನ್ನು, ಆ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ತೆರೆದಾಗ ಹೀಗಾಗುತ್ತದೆ. ಕಡತ ಕೆಟ್ಟಿದೆಯೆಂದು ತಿಳಿದು ಅಳಿಸಬಾರದು. ಸಂಬಂಧಿಸಿದ ಅಕ್ಷರಶೈಲಿಯನ್ನು ಅಳವಡಿಸಿಕೊಳ್ಳಬೇಕು ಅಥವಾ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

5. ಅರ್ಜಿ ಸಲ್ಲಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

- ಅಂತಿಮಗೊಂಡ ಕಡತಗಳನ್ನು ‘ಸಲ್ಲಿಕೆ’ ಎಂಬ ಪ್ರತ್ಯೇಕ ಫೋಲ್ಡರ್‌ನಲ್ಲಿ ಇಟ್ಟು, ಕಡತದ ಹೆಸರಿನಲ್ಲೇ ದಿನಾಂಕವನ್ನು ಸೇರಿಸುವುದು. ಗಡಿಯಾರ ತಪ್ಪಿದರೂ ಹೆಸರಿನಲ್ಲಿ ಬರೆದ ದಿನಾಂಕ ಬದಲಾಗುವುದಿಲ್ಲ.
- ಡ್ರೈವ್‌ನಲ್ಲಿನ ಪ್ರತಿಯ ಗಾತ್ರವು ಮೂಲ ಕಡತದ ಗಾತ್ರಕ್ಕೆ ಬೈಟ್‌ಗಳಲ್ಲಿ ಸಮನಾಗಿದೆಯೇ ಎಂದು ನೋಡುವುದು.
- ಅಪ್‌ಲೋಡ್ ಮಾಡುವ ಗಣಕಯಂತ್ರದಲ್ಲಿಯೇ ಕಡತವನ್ನು ತೆರೆದು, ಹೆಸರು, ವಿಳಾಸ, ಸಂಖ್ಯೆಗಳು ಹಾಗೂ ಎಲ್ಲ ಪುಟಗಳನ್ನು ಓದುವುದು.
- ಅರ್ಜಿಯ ಸ್ವೀಕೃತಿ ದೊರೆಯುವವರೆಗೆ ಹಳೆಯ ಪ್ರತಿಗಳನ್ನು ಅಳಿಸದಿರುವುದು.

6. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಒಂದೇ ಕಡತವನ್ನು ಎರಡೂ ಕಡೆ ತಿದ್ದಿದ್ದರೆ ಯಾವುದನ್ನು ಉಳಿಸಿಕೊಳ್ಳಬೇಕು?
ಉತ್ತರ: ಯಾವ ತಂತ್ರಾಂಶವೂ ಇದನ್ನು ಅರ್ಜಿದಾರರ ಪರವಾಗಿ ಸರಿಯಾಗಿ ನಿರ್ಧರಿಸಲಾರದು. ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಉಳಿಸಿ, ಎರಡರ ತಿದ್ದುಪಡಿಗಳನ್ನೂ ಒಂದೇ ಪ್ರತಿಗೆ ಕೈಯಾರೆ ಸೇರಿಸಬೇಕು.

ಪ್ರಶ್ನೆ: ಕಡತದ ‘ರಚಿಸಿದ ದಿನಾಂಕ’ವು ‘ಮಾರ್ಪಡಿಸಿದ ದಿನಾಂಕ’ಕ್ಕಿಂತ ಈಚಿನದಾಗಿದೆ. ಇದು ದೋಷವೇ?
ಉತ್ತರ: ಅಲ್ಲ. ವಿಂಡೋಸ್‌ನಲ್ಲಿ ನಕಲು ಮಾಡಿದಾಗ ಮಾರ್ಪಡಿಸಿದ ದಿನಾಂಕ ಹಾಗೆಯೇ ಉಳಿಯುತ್ತದೆ. ರಚಿಸಿದ ದಿನಾಂಕವಾಗಿ ನಕಲು ಮಾಡಿದ ಸಮಯ ದಾಖಲಾಗುತ್ತದೆ.

ಪ್ರಶ್ನೆ: ಪೆನ್ ಡ್ರೈವ್‌ನಲ್ಲಿ ಮಾತ್ರ ಕಡತಗಳನ್ನು ಇಟ್ಟುಕೊಂಡರೆ ಸಿಂಕ್ ತೊಂದರೆಯೇ ಇರುವುದಿಲ್ಲವಲ್ಲವೇ?
ಉತ್ತರ: ಸಿಂಕ್ ತೊಂದರೆ ಇರುವುದಿಲ್ಲ. ಆದರೆ ಡ್ರೈವ್ ಕಳೆದುಹೋದಲ್ಲಿ ಅಥವಾ ಕೆಟ್ಟಲ್ಲಿ ಎಲ್ಲ ದಾಖಲೆಗಳೂ ಒಮ್ಮೆಗೇ ನಷ್ಟವಾಗುತ್ತವೆ. ಕನಿಷ್ಠ ಇನ್ನೊಂದು ಸ್ಥಳದಲ್ಲಿ ಪ್ರತಿ ಇರುವುದು ಅವಶ್ಯಕ.

7. ವಿಶೇಷ ಸೂಚನೆ

ಆಧಾರ್, ಬ್ಯಾಂಕ್ ಪಾಸ್ ಪುಸ್ತಕ, ಆದಾಯ ಮತ್ತು ಆಸ್ತಿಗೆ ಸಂಬಂಧಿಸಿದ ದಾಖಲೆಗಳನ್ನು ಸೈಬರ್ ಕೇಂದ್ರ ಮುಂತಾದ ಸಾರ್ವಜನಿಕ ಗಣಕಯಂತ್ರಗಳೊಂದಿಗೆ ಸಿಂಕ್ ಮಾಡಬಾರದು; ಸಲ್ಲಿಸಬೇಕಾದ ಕಡತವನ್ನು ಮಾತ್ರ ತೆರೆದು ಬಳಸತಕ್ಕದ್ದು. ಅಲ್ಲಿ ನಕಲು ಮಾಡಿದ್ದಲ್ಲಿ, ಕೆಲಸ ಮುಗಿದ ನಂತರ ಡೆಸ್ಕ್‌ಟಾಪ್, ಡೌನ್‌ಲೋಡ್ ಫೋಲ್ಡರ್ ಮತ್ತು ರೀಸೈಕಲ್ ಬಿನ್‌ಗಳಿಂದ ಅಳಿಸಿ, ಪೆನ್ ಡ್ರೈವ್ ಅನ್ನು ಮರೆಯದೆ ಹಿಂಪಡೆದುಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.