ಹೊಲಿಗೆಯಿಲ್ಲದೆ ಮುಚ್ಚುವ ಗಾಯ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯ ಮಠವೆಂಬ ಕಾಳಾಮುಖರ ವಿದ್ಯಾಸ್ಥಾನವೊಂದು ಹನ್ನೆರಡನೆಯ ಶತಮಾನದಲ್ಲಿ ವಿಖ್ಯಾತವಾಗಿತ್ತು. ಅದನ್ನು ಕುರಿತ 1162ರ ಶಾಸನವು, ಅಲ್ಲಿ ಬೋಧಿಸಲ್ಪಡುತ್ತಿದ್ದ ವೇದ, ವ್ಯಾಕರಣ, ದರ್ಶನಗಳನ್ನು ಎಣಿಸಿ ಹೇಳುವುದರ ಜೊತೆಗೆ, ದೀನರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತೆಂದು, ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ನಡೆಯುತ್ತಿತ್ತೆಂದು ಸಾರುತ್ತದೆ. ಕುರುಡನಿಗೆ ಅನ್ನವನ್ನಿಕ್ಕುವುದು ಆ ಕಾಲಕ್ಕೆ ಮಹತ್ತಾದ ದಯೆ. ಆ ಕುರುಡರಲ್ಲಿ ಅನೇಕರು ವಾರ್ಧಕ್ಯದ ಪೊರೆಯಿಂದ ದೃಷ್ಟಿಗೆಟ್ಟವರೇ ಆಗಿದ್ದಿರಬೇಕು. ಅಂಥವರು ಇಂದು ಅದೇ ಸೀಮೆಯಲ್ಲಿ ಹುಟ್ಟಿದ್ದರೆ, ಹತ್ತು ಹದಿನೈದು ನಿಮಿಷಗಳ ಶಸ್ತ್ರಕ್ರಿಯೆಯೊಂದರಿಂದ, ಕಣ್ಣಿಗೆ ಒಂದು ಹೊಲಿಗೆಯನ್ನೂ ಹಾಕಿಸಿಕೊಳ್ಳದೆ, ಮರುದಿನವೇ ಮಕ್ಕಳ ಮುಖವನ್ನು ಕಾಣುತ್ತಿದ್ದರು.

ಪೊರೆ ಎಂಬ ನಮ್ಮ ಮಾತು ಸುಂದರವಾದದ್ದಾದರೂ ಸ್ವಲ್ಪ ದಾರಿತಪ್ಪಿಸತಕ್ಕದ್ದು. ಹಾವಿನ ಮೈಮೇಲಿನ ಪೊರೆಯಂತೆ ಕಣ್ಣಿನ ಮೇಲೆ ಏನೋ ಒಂದು ಬೆಳೆದಿದೆ, ಅದನ್ನು ಸುಲಿದು ತೆಗೆದರಾಯಿತು ಎಂದು ಜನ ಭಾವಿಸುತ್ತಾರೆ. ವಾಸ್ತವವಾಗಿ ಕೆಡುವುದು ಕಣ್ಣಿನ ಒಳಗಿರುವ ಮಸೂರ. ಪಾಪೆಯ ಹಿಂದೆ, ತೆಳುವಾದ ಸಂಪುಟವೊಂದರಲ್ಲಿ, ಸುಮಾರು 9ರಿಂದ 10 ಮಿಲಿಮೀಟರ್ ಅಗಲಕ್ಕೆ ಕುಳಿತಿರುವ ಈ ಮಸೂರದ ಪ್ರೋಟೀನುಗಳು, ವಯಸ್ಸು, ಸೂರ್ಯನ ನೇರಳಾತೀತ ಕಿರಣ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು ಇವುಗಳ ದೆಸೆಯಿಂದ ತಮ್ಮ ಸುವ್ಯವಸ್ಥಿತ ಜೋಡಣೆಯನ್ನು ಕಳೆದುಕೊಂಡು ಮುದ್ದೆಗಟ್ಟುತ್ತವೆ. ಮೊಟ್ಟೆಯ ಬಿಳಿಯ ಭಾಗ ಬೇಯುವಾಗ ತಿಳಿಯಾಗಿದ್ದದ್ದು ಬೆಳ್ಳಗಾಗುವಂತೆ ಅದು ಮಬ್ಬಾಗುತ್ತದೆ. ಮಬ್ಬಾದ ಮಸೂರವನ್ನು ಮತ್ತೆ ತಿಳಿಗೊಳಿಸುವ ಔಷಧ ಇಂದಿಗೂ ಇಲ್ಲ. ಅದನ್ನು ಹೊರತೆಗೆಯಬೇಕು, ಆ ಸ್ಥಾನದಲ್ಲಿ ಬೇರೊಂದನ್ನು ಇರಿಸಬೇಕು.

ಹೊರತೆಗೆಯುವುದೇ ಕಷ್ಟ. ಫ್ರಾನ್ಸಿನ ಜಾಕ್ ದಾವಿಯೆಲ್ 1747ರಲ್ಲಿ ಮಸೂರವನ್ನು ಕಣ್ಣಿನಿಂದ ಹೊರಕ್ಕೆ ತೆಗೆಯುವ ಕ್ರಮವನ್ನು ತೋರಿಸಿಕೊಟ್ಟಂದಿನಿಂದ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ, ಅಷ್ಟು ದೊಡ್ಡ ವಸ್ತು ಹೊರಬರಬೇಕಾದರೆ ಕಾರ್ನಿಯ ಎಂಬ ಮುಂಭಾಗದ ಪಾರದರ್ಶಕ ಪಟಲದ ಅಂಚನ್ನು ಹೆಚ್ಚುಕಡಿಮೆ ಅರ್ಧ ಸುತ್ತು ಸೀಳಲೇಬೇಕಾಗಿತ್ತು. ಗಾಯ ಕೂಡುವವರೆಗೆ ರೋಗಿಯು ತಲೆಯ ಎರಡೂ ಪಕ್ಕದಲ್ಲಿ ಮರಳಿನ ಚೀಲಗಳನ್ನಿರಿಸಿಕೊಂಡು ದಿನಗಟ್ಟಲೆ ಅಲುಗದೆ ಮಲಗಿರಬೇಕಾಗಿದ್ದ ಕಾಲವೂ ಒಂದಿತ್ತು. ಆ ಮೇಲೆ ಕೂದಲಿಗಿಂತ ತೆಳುವಾದ ನೈಲಾನ್ ದಾರದ ಹೊಲಿಗೆಗಳು ಬಂದುವು. ಅವು ಗಾಯವನ್ನು ಕಾಪಾಡಿದುವು, ಆದರೆ ಒಂದೊಂದು ಹೊಲಿಗೆಯೂ ಕಾರ್ನಿಯವನ್ನು ತನ್ನ ಕಡೆಗೆ ಎಳೆದು ಅದರ ಗೋಳಾಕಾರವನ್ನು ಸೊಟ್ಟಗೆ ಮಾಡುತ್ತಿದ್ದುದರಿಂದ, ಪೊರೆ ಹೋದರೂ ನೋಟ ಸ್ಫುಟವಾಗುತ್ತಿರಲಿಲ್ಲ.

ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾಕ್ಟರ್ ಎಂ. ಸಿ. ಮೋದಿಯವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಊರೂರಿನಲ್ಲಿ ಕಣ್ಣಿನ ಶಿಬಿರಗಳನ್ನು ಹೂಡಿ, 1993ರ ಫೆಬ್ರುವರಿಯ ಹೊತ್ತಿಗೆ 6,10,564 ಶಸ್ತ್ರಕ್ರಿಯೆಗಳನ್ನು ಪೂರೈಸಿದ್ದರೆಂದು, ಒಂದೇ ದಿನ 833 ಪೊರೆಗಳನ್ನು ತೆಗೆದಿದ್ದರೆಂದು ಗಿನ್ನೆಸ್ ದಾಖಲೆ ಹೇಳುವ ಆ ಮಹಾಪುರುಷರು, ಆಸ್ಪತ್ರೆಯೇ ಹಳ್ಳಿಗೆ ನಡೆದುಬರಬೇಕೆಂಬ ತತ್ತ್ವವನ್ನು ಕನ್ನಡ ನಾಡಿಗೆ ಕಲಿಸಿದರು. ಅವರ ಕಾಲದ ಬಹುಭಾಗದಲ್ಲಿ ಪೊರೆ ತೆಗೆಸಿಕೊಂಡವರಿಗೆ ಮಸೂರದ ಬದಲು ದೊರೆಯುತ್ತಿದ್ದುದು ಸೀಸೆಯ ತಳದಂತಹ ದಪ್ಪ ಗಾಜಿನ ಕನ್ನಡಕ. ಕನ್ನಡಕ ಬಿದ್ದು ಒಡೆದ ದಿನ ಆ ವೃದ್ಧರು ಪುನಃ ಕುರುಡರು.

ಕೃತಕ ಮಸೂರದ ಕಥೆ ಯುದ್ಧದಿಂದ ಆರಂಭವಾಗುತ್ತದೆ. ವಿಮಾನದ ಮುಚ್ಚಳದ ಅಕ್ರಿಲಿಕ್ ಚೂರುಗಳು ವೈಮಾನಿಕರ ಕಣ್ಣಿನೊಳಗೆ ಹೊಕ್ಕಿದ್ದರೂ ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಗಮನಿಸಿದ ಇಂಗ್ಲೆಂಡಿನ ಹೆರಾಲ್ಡ್ ರಿಡ್ಲೆ, 1949ರ ನವೆಂಬರಿನಲ್ಲಿ ಅಂಥದೇ ವಸ್ತುವಿನ ಮಸೂರವನ್ನು ರೋಗಿಯೊಬ್ಬರ ಕಣ್ಣಿನಲ್ಲಿ ಇರಿಸಿದರು. ಮುಂದೆ 1992ರಲ್ಲಿ ಮದುರೆಯ ಅರವಿಂದ ನೇತ್ರಾಲಯದ ಬಳಗದ ಅರೊಲ್ಯಾಬ್ ಇಂಥ ಮಸೂರಗಳನ್ನು ಅಗ್ಗವಾಗಿ ತಯಾರಿಸತೊಡಗಿದ ಮೇಲೆ ಅವು ಬಡವರ ಕೈಗೂ ಎಟುಕಿದುವು.

ಇನ್ನು ಹೊಲಿಗೆ ತಪ್ಪಿದ ಬಗೆ. ಈ ವಿದ್ಯೆಯ ಹೃದಯ ಇಲ್ಲಿದೆಯೆಂದು ನನ್ನ ದೃಢವಾದ ಅಭಿಪ್ರಾಯ. ಶಸ್ತ್ರವೈದ್ಯನು ಈಗ ಕಣ್ಣನ್ನು ನೇರವಾಗಿ ಒಳಕ್ಕೆ ಕೊಯ್ಯುವುದಿಲ್ಲ. ಕರಿಯ ಗುಡ್ಡೆಯ ಅಂಚಿನಿಂದ ಸುಮಾರು ಎರಡು ಮಿಲಿಮೀಟರ್ ಹಿಂದೆ, ಬಿಳಿಯ ಪಟಲದ ಮೇಲೆ, ಆರು ಆರೂವರೆ ಮಿಲಿಮೀಟರ್ ಉದ್ದದ ಗೀರೊಂದನ್ನು ಪಟಲದ ಅರ್ಧ ದಪ್ಪದವರೆಗೆ ಮಾತ್ರ ಎಳೆಯುತ್ತಾನೆ. ಆ ಬಳಿಕ, ಕ್ರೆಸೆಂಟ್ ಎಂದು ಕರೆಯುವ ದುಂಡುಮೊನೆಯ ಅಲಗನ್ನು ಗೀರಿನಲ್ಲಿ ಹೊಗಿಸಿ, ಪಟಲದ ಪದರಗಳ ನಡುವೆಯೇ ಅದನ್ನು ಮೆಲ್ಲಮೆಲ್ಲನೆ ಮುಂದೊತ್ತುತ್ತ, ಕಾರ್ನಿಯದೊಳಕ್ಕೆ ಒಂದೂವರೆ ಮಿಲಿಮೀಟರಿನಷ್ಟು ದೂರ ಸುರಂಗವನ್ನು ತೋಡುತ್ತಾನೆ. ಸೊರಬದ ಗುಡಿಗಾರರು ಶ್ರೀಗಂಧದ ತುಂಡಿನ ಮೇಲೆ ಎಲೆಯ ನರವನ್ನು ಕೆತ್ತುವಾಗ ಉಳಿಯ ಮೊನೆ ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ಬೆರಳಿನಿಂದಲೇ ಅರಿಯುವುದನ್ನು ನೋಡಿದವರಿಗೆ ಈ ಕೆಲಸದ ಸ್ವರೂಪವನ್ನು ಬೇರೆ ವಿವರಿಸಬೇಕಾಗಿಲ್ಲ: ಅಲಗು ಸ್ವಲ್ಪ ಮೇಲೇರಿದರೆ ಚಾವಣಿ ಹರಿಯುತ್ತದೆ, ಸ್ವಲ್ಪ ಕೆಳಗಿಳಿದರೆ ಹೊತ್ತಿಗೆ ಮುಂಚೆ ಕಣ್ಣಿನ ಒಳಗೆ ಬೀಳುತ್ತದೆ. ಸುರಂಗದ ತುದಿಯಲ್ಲಿ ಕೆರಟೋಮ್ ಎಂಬ ಈಟಿಮೊನೆಯ ಚಾಕು ಒಳಬಾಗಿಲನ್ನು ತೆರೆಯುತ್ತದೆ. ಆ ಒಳಬಾಗಿಲು ಹೊರಬಾಗಿಲಿಗಿಂತ ಅಗಲ.

ಈ ಸುರಂಗ ಏಕೆ ಸೋರುವುದಿಲ್ಲ? ಶಿಕಾರಿಪುರ, ಸೊರಬಗಳು ಕೆರೆಗಳ ಸೀಮೆ. ಆದುದರಿಂದ ಕೆರೆಯ ತೂಬಿನ ದೃಷ್ಟಾಂತವನ್ನೇ ಕೊಡಬಹುದು. ಹಳೆಯ ತೂಬಿನ ಕಂಡಿಯಲ್ಲಿ ಕೂರಿಸಿದ ಬಿರಡೆಯನ್ನು ಕೆರೆಯ ನೀರಿನ ಭಾರವೇ ಒತ್ತಿಹಿಡಿಯುತ್ತದೆ. ನೀರು ಏರಿದಷ್ಟೂ ಬಿರಡೆ ಬಿಗಿಯಾಗುತ್ತದೆ. ಕಣ್ಣೂ ದ್ರವದಿಂದ ತುಂಬಿದ ಪಾತ್ರೆ. ಆರೋಗ್ಯದಲ್ಲಿ ಅದರ ಒಳಗೆ 10ರಿಂದ 20 ಮಿಲಿಮೀಟರ್ ಪಾದರಸದಷ್ಟು ಒತ್ತಡವಿರುತ್ತದೆ. ಶಸ್ತ್ರಕ್ರಿಯೆಯ ಕಡೆಯಲ್ಲಿ ದ್ರವವನ್ನು ತುಂಬಿ ಆ ಒತ್ತಡವನ್ನು ಮರಳಿ ಸ್ಥಾಪಿಸಿದ ಕೂಡಲೆ, ಅದು ಸುರಂಗದ ಒಳತುಟಿಯನ್ನು ಚಾವಣಿಗೆ ಒತ್ತಿ ಮುಚ್ಚುತ್ತದೆ. ಮೊದಲು ಯಾವ ಒತ್ತಡ ಗಾಯವನ್ನು ಬಿರಿಯುವಂತೆ ಮಾಡುತ್ತಿತ್ತೋ, ಅದೇ ಈಗ ಗಾಯದ ಕಾವಲುಗಾರ.

ಸುರಂಗದ ಮೂಲಕ ಮಸೂರದ ಗಟ್ಟಿಯಾದ ತಿರುಳನ್ನು ಹೊರತರುವಾಗ ಕಾರ್ನಿಯದ ಒಳಮೈಗೆ ಅದು ಉಜ್ಜಬಾರದು. ಏಕೆಂದರೆ ಅಲ್ಲಿ ಒಂದೇ ಸಾಲಾಗಿ ಹಾಸಿರುವ ಜೀವಕೋಶಗಳು ಕಾರ್ನಿಯವನ್ನು ತಿಳಿಯಾಗಿಡತಕ್ಕವು, ಒಮ್ಮೆ ಸತ್ತರೆ ಮತ್ತೆ ಹುಟ್ಟದಂಥವು. ಅವುಗಳ ರಕ್ಷಣೆಗಾಗಿ ಲೋಳೆಯಂತಹ ತಿಳಿದ್ರವವೊಂದನ್ನು ತುಂಬುತ್ತಾರೆ. ಮೊದಲು ಇದನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು, ನಮ್ಮಲ್ಲಿ ಸಸ್ಯಮೂಲದ ಸೆಲ್ಯುಲೋಸಿನಿಂದ ಮಾಡಿದ ಅಗ್ಗದ ಲೋಳೆಯೇ ಹೆಚ್ಚಾಗಿ ಬಳಕೆಯಲ್ಲಿದೆ. ಹೊರಬಂದ ತಿರುಳು ಕೆಲವೊಮ್ಮೆ ಬೆಲ್ಲದ ಬಣ್ಣದ್ದು, ಕೆಲವೊಮ್ಮೆ ಕಪ್ಪಗೆ ಕಲ್ಲಿನಂಥದು. ಸಂಪುಟದ ಹಿಂಗೋಡೆಯನ್ನು ಮಾತ್ರ ಹಾಗೆಯೇ ಉಳಿಸುತ್ತಾರೆ. ಹೊಸ ಮಸೂರ ಕೂರಬೇಕಾದ ಪೀಠ ಅದು.

ಈ ಸುರಂಗಕ್ಕಿಂತ ಕಿರಿದಾದ ದ್ವಾರವನ್ನು ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಸಾಧಿಸಿದರು. ದಂತವೈದ್ಯರು ಹಲ್ಲಿನ ಕಿಟ್ಟವನ್ನು ಶ್ರವಣಾತೀತ ಕಂಪನದಿಂದ ಬಿಡಿಸುವುದೇ ಅವರಿಗೆ ಸ್ಫೂರ್ತಿ. ಸೆಕೆಂಡಿಗೆ 40,000 ಸಲದಷ್ಟು ಕಂಪಿಸುವ ಟೈಟೇನಿಯಮ್ಮಿನ ಟೊಳ್ಳು ಸೂಜಿ ತಿರುಳನ್ನು ಕಣ್ಣಿನ ಒಳಗೇ ನುರಿದು ಹೀರಿಕೊಳ್ಳುತ್ತದೆ. ಫೇಕೊ ಎಂದು ಹೆಸರಾದ ಈ ವಿಧಾನಕ್ಕೆ ಎರಡೂವರೆ ಮೂರು ಮಿಲಿಮೀಟರ್ ರಂಧ್ರ ಸಾಕು. ಮಡಿಸಿದ ಮೆತ್ತನೆಯ ಮಸೂರ ಒಳಗೆ ಹೋಗಿ ಮೊಗ್ಗಿನಂತೆ ಅರಳುತ್ತದೆ. ಜನ ಇದನ್ನು ಲೇಸರ್ ಆಪರೇಷನ್ ಎನ್ನುವುದುಂಟು. ಇಲ್ಲಿ ಕೆಲಸ ಮಾಡುವುದು ಬೆಳಕಲ್ಲ, ಕಂಪನ.

ಯಾವುದು ಮೇಲು? ನೇಪಾಳದಲ್ಲಿ ಸಂದುಕ್ ರುಯಿತ್ ಮತ್ತು ಸಂಗಡಿಗರು ಎರಡನ್ನೂ ಹೋಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೃಷ್ಟಿಯ ಫಲ ಎರಡರಲ್ಲೂ ಉತ್ತಮವಾಗಿತ್ತು. ಕೈಯಿಂದ ಮಾಡುವ ಸುರಂಗವಿಧಾನವು ಬೇಗನೆ ಮುಗಿಯುತ್ತಿತ್ತು, ಖರ್ಚೂ ಕಡಮೆ. ಬಹಳ ಗಟ್ಟಿಯಾದ ಪೊರೆಯನ್ನು ನುರಿಯಲು ಯಂತ್ರವು ಹೆಚ್ಚು ಶಕ್ತಿಯನ್ನು ಸುರಿಯಬೇಕಾಗುತ್ತದೆ, ಅದು ಕಾರ್ನಿಯಕ್ಕೆ ಒಳಿತಲ್ಲ. ತಡವಾಗಿ ಬರುವ ರೋಗಿಗಳೇ ಹೆಚ್ಚಾಗಿರುವ ಹಳ್ಳಿಗಾಡಿನಲ್ಲಿ, ಯಂತ್ರವಿಲ್ಲದ ವಿಧಾನವನ್ನು ಬಡವರ ಪಾಲಿನ ಎರಡನೆಯ ದರ್ಜೆಯ ಚಿಕಿತ್ಸೆಯೆಂದು ಕೀಳಾಗಿ ಕಾಣುವುದು ಅನ್ಯಾಯ.

ಹೊಲಿಗೆಯನ್ನು ಬಿಡುವ ಈ ದೃಷ್ಟಿ ಕಣ್ಣಿನ ಇತರ ಚಿಕಿತ್ಸೆಗಳಿಗೂ ಹಬ್ಬಿದೆ. ಬಿಸಿಲಿನಲ್ಲಿ ದುಡಿಯುವವರ ಕಣ್ಣಿನಲ್ಲಿ ಮೂಗಿನ ಕಡೆಯಿಂದ ಬೆಳೆಯುವ ದುರ್ಮಾಂಸವನ್ನು ತೆಗೆದು, ಅಲ್ಲಿ ಇಡುವ ತೇಪೆಯನ್ನು ರಕ್ತದ ಫೈಬ್ರಿನ್ ಅಂಟಿನಿಂದಲೇ ಕೂಡಿಸುತ್ತಾರೆ. ಅಕ್ಷಿಪಟಲದ ಶಸ್ತ್ರಕ್ರಿಯೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಉಪಕರಣಗಳನ್ನು ಓರೆಯಾಗಿ ಹೊಗಿಸಿದ ರಂಧ್ರಗಳು, ಉಪಕರಣ ಹೊರಬಂದೊಡನೆ ಸಾಮಾನ್ಯವಾಗಿ ತಾವೇ ಕೂಡಿಕೊಳ್ಳುತ್ತವೆ.

ಹೊಲಿಗೆಯಿಲ್ಲವೆಂದರೆ ಗಾಯವೇ ಇಲ್ಲವೆಂದಲ್ಲ. ಸುರಂಗ ಮುಚ್ಚಿರುತ್ತದೆ, ಮಾಗಿರುವುದಿಲ್ಲ. ಕಣ್ಣನ್ನು ಉಜ್ಜಿದರೆ ತುಟಿ ಸರಿಯಬಹುದು, ಕೆರೆಯ ನೀರು ತಾಕಿದರೆ ಸೋಂಕು ಒಳಹೊಗಬಹುದು. ಆದುದರಿಂದ ಭತ್ತದ ಕಣದ ದೂಳಿಗೂ ಒಲೆಯ ಹೊಗೆಗೂ ವೈದ್ಯರು ಹೇಳಿದಷ್ಟು ದಿನ ದೂರವಿರಬೇಕು, ಹನಿ ಔಷಧವನ್ನು ತಪ್ಪಿಸಬಾರದು. ನೋವು ಹೆಚ್ಚಿ ಕಣ್ಣು ಕೆಂಪಾಗಿ ನೋಟ ಕುಗ್ಗಿದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮತ್ತೊಂದು ಮಾತನ್ನು ಹಿರಿಯರಿರುವ ಮನೆಮನೆಗೂ ಹೇಳಬೇಕಾಗಿದೆ. ಪೊರೆ ಹಣ್ಣಾಗಲಿ, ಆಮೇಲೆ ತೆಗೆಸೋಣ ಎಂಬುದು ಮಸೂರವನ್ನು ಇಡಿಯಾಗಿ ಕಿತ್ತು ತೆಗೆಯುತ್ತಿದ್ದ ಕಾಲದ ನಿಯಮ. ಇಂದು ಅದಕ್ಕೆ ಆಧಾರವಿಲ್ಲ. ಹಣ್ಣಾಗಲೆಂದು ಬಿಟ್ಟ ಪೊರೆ ಗಟ್ಟಿಯಾಗುತ್ತದೆ, ಅತಿಯಾಗಿ ಬಲಿತರೆ ಕಣ್ಣಿನ ಒತ್ತಡವನ್ನೇರಿಸಿ ನರವನ್ನೇ ಕೆಡಿಸಬಲ್ಲದು, ಕೆಟ್ಟ ನರವನ್ನು ಯಾವ ಉಪಕರಣವೂ ಸರಿಪಡಿಸಲಾರದು. ನಿಮ್ಮ ಮನೆಯ ಅಜ್ಜಿಗೆ ಅಕ್ಕಿಯಲ್ಲಿ ಕಲ್ಲು ಕಾಣದಂತಾಗಿದ್ದರೆ, ಅವರನ್ನು ಈ ವಾರವೇ ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.